ವಡಾಲಾಕ್ಕೆ ಹೊರಟ ಮೊಣಕಾಲು

ಒಂದು ಪ್ರಶ್ನೆ ಕೇಳಲೇ? ನೀವೀಗ ಕೂತಿರುವ ಜಾಗದಿಂದ ಕೈ ಊರದೆ, "ಅಯ್ಯಪ್ಪಾ" ಎನ್ನದೆ, ಪಕ್ಕದವರ ಭುಜ ಹಿಡಿಯದೆ ಒಂದೇ ಏಟಿಗೆ ಎದ್ದು ನಿಲ್ಲಬಲ್ಲಿರಾ? ಎದ್ದು ತೋರಿಸಿ, ನಾನು ಕಾಯುತ್ತೇನೆ. ಎದ್ದಿರಾ? ಹಾಗಾದರೆ ನಿಮಗಿನ್ನೂ ಮೊಣಕಾಲಿನ ಪರಿಚಯವಾಗಿಲ್ಲ ಎಂದಾಯಿತು. ಏಳಲಿಲ್ಲವೇ? ಬನ್ನಿ, ನೀವು ನಮ್ಮವರು. ಕೂತುಕೊಂಡೇ ಓದಿ.

ನನಗೂ ಎಪ್ಪತ್ತು ವರ್ಷದವರೆಗೆ ಮೊಣಕಾಲು ಎಂಬುದೊಂದು ಇದೆ ಎಂದು ಗೊತ್ತಿರಲಿಲ್ಲ. ಕಾಲು ಗೊತ್ತಿತ್ತು. ಮೇಲಿಂದ ಕೆಳಗೆ ಒಂದೇ ಕಾಲು, ಹೋಗು ಎಂದ ಕಡೆ ಹೋಗುತ್ತಿತ್ತು. ಅದರ ನಡುವೆ ಒಬ್ಬ ಯಜಮಾನ ಕೂತಿದ್ದಾನೆ, ಅವನ ಒಪ್ಪಿಗೆಯಿಲ್ಲದೆ ಏನೂ ನಡೆಯುವುದಿಲ್ಲ ಎಂಬುದು ತಿಳಿದದ್ದು ಹೋದ ವರ್ಷ.

ನಿಧಾನವಾಗಿ ಹೇಳುತ್ತೇನೆ. ವೇಗವಾಗಿ ಹೇಳಲು ಬರುವುದೂ ಇಲ್ಲ, ಏಕೆಂದರೆ ಇದನ್ನು ಬರೆಯುತ್ತಿರುವುದು ಫೋನಿನಲ್ಲಿ. ಮೊಮ್ಮಗಳು ಮೃಣಾಲ ಮೊನ್ನೆಯಷ್ಟೇ ಕಲಿಸಿಕೊಟ್ಟಿದ್ದಾಳೆ. ಬಲಗೈಯ ತೋರುಬೆರಳೊಂದೇ ಕೆಲಸ ಮಾಡುತ್ತದೆ, ಉಳಿದ ಒಂಬತ್ತೂ ರಸ್ತೆ ಅಗೆಯುವ ಕಡೆ ಮುನ್ಸಿಪಾಲಿಟಿಯವರು ನಿಂತ ಹಾಗೆ ಸುತ್ತ ನಿಂತು ನೋಡುತ್ತವೆ. ಎರಡು ಸಲ ಬರೆದದ್ದೆಲ್ಲ ಅಳಿಸಿಹೋಯಿತು. "ಆಜಿ, ಹರ್ ಬಾರ್ ಡಿಲೀಟ್ ಯಾಕೆ ಒತ್ತುತ್ತೀ? ಅದು ನಿನಗೆ ಏನು ಮಾಡಿದೆ?" ಎಂದು ಅವಳ ಗೋಳು. ಮೃಣಾಲಳ ಕನ್ನಡ ಅಂಧೇರಿಯ ರಿಕ್ಷಾದ ಹಾಗೆ. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಹಿಂದಿಗೆ ನುಗ್ಗುತ್ತದೆ. ಆದರೂ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ.

ಈ ಮುಂಬಯಿಯಲ್ಲಿ ಅರವತ್ತು ದಾಟಿದ ಹೆಂಗಸರು ಸೊಸೆಯ ಸುದ್ದಿ ಬಿಟ್ಟು ಮೊಣಕಾಲಿನ ಗ್ಯಾಪಿನ ಸುದ್ದಿ ಹಿಡಿಯುತ್ತಾರೆ. "ನನಗೆ ಎಡಗಡೆ ಗ್ಯಾಪ್ ಬಂದಿದೆ" ಎಂದು ಒಬ್ಬಳೆಂದರೆ, "ನನಗೆ ಎರಡೂ ಕಡೆ" ಎಂದು ಇನ್ನೊಬ್ಬಳು ಗೆದ್ದವಳಂತೆ ನೋಡುತ್ತಾಳೆ. ಮೂಳೆ ಡಾಕ್ಟರು ನನಗೆ ತಿಳಿಸಿ ಹೇಳಿದರು: ಗ್ಯಾಪ್ ಬರುವುದು ರೋಗವೇ ಅಲ್ಲವಂತೆ, ಇರಬೇಕಾದ ಗ್ಯಾಪ್ ಹೋಗಿ ಎಲುಬಿಗೆ ಎಲುಬು ತಾಗುವುದೇ ರೋಗವಂತೆ. ನನಗೆ ಕೂಡಲೇ ಅರ್ಥವಾಯಿತು. ಬೆಳಗಿನ ಲೋಕಲ್ ಗಾಡಿಯ ಲೇಡೀಸ್ ಡಬ್ಬ ನೋಡಿದವರಿಗೆ ಇದನ್ನು ಎಕ್ಸ್‌ರೇ ಹಿಡಿದು ವಿವರಿಸಬೇಕಾಗಿಲ್ಲ.

ನನ್ನ ಮೊಣಕಾಲು ಕೆಟ್ಟದ್ದೂ ಆ ಡಬ್ಬದಲ್ಲಿಯೇ. ಸಾಂತಾಕ್ರೂಜಿನಲ್ಲಿ ನಮ್ಮದೊಂದು ಭಜನಾ ಮಂಡಳಿ ಇದೆ. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಹೆಂಗಸರು, ಜೊತೆಗೆ ನಾಲ್ಕಾರು ಮರಾಠಿಯವರು. ಯುಗಾದಿ ಕಳೆದ ಮೇಲೆ ಒಂದು ದಿನ ಭಜನೆ ಮುಗಿಸಿ ಅಂಧೇರಿಗೆ ವಾಪಸು ಬರುತ್ತಿದ್ದೆ. ಅಂಧೇರಿಯಲ್ಲಿ ಗಾಡಿಯಿಂದ ಇಳಿಯುವುದು ಎಂಬುದಿಲ್ಲ. ಹಿಂದಿನವರು ನಮ್ಮನ್ನು ಹೊರಗೆ ಹಾಕುತ್ತಾರೆ, ನಾವು ಬೀಳದೆ ನಿಂತರೆ ಅದಕ್ಕೆ ಇಳಿದದ್ದು ಎನ್ನುತ್ತಾರೆ. ಅವತ್ತು ನಾನು ನಿಲ್ಲಲಿಲ್ಲ. ಬಲಮೊಣಕಾಲು ತಿರುಚಿ ಪ್ಲಾಟ್‌ಫಾರ್ಮಿನ ಮೇಲೆ ಕೂತೆ. ಲಿಗಮೆಂಟ್ ಹರಿದಿತ್ತು.

ಸುದ್ದಿ ತಿಳಿದು ನಮ್ಮ ಯಜಮಾನರು ಓಡಿ ಬಂದರು. ಬಂದವರು ಕೇಳಿದ ಮೊದಲ ಮಾತು, "ಗಾಡಿ ಪೂರಾ ನಿಂತಿತ್ತೇನು?"

ಸಿಟ್ಟು ಮಾಡಿಕೊಳ್ಳಬೇಡಿ. ಅವರು ಮೂವತ್ತಾರು ವರ್ಷ ಲೋಕಲ್ ಗಾಡಿಯ ಗಾರ್ಡ್ ಆಗಿದ್ದವರು. ಗಾಡಿಯ ಕೊನೆಯ ಡಬ್ಬದಲ್ಲಿ ನಿಂತು, ಎಲ್ಲ ಸರಿಯಿದೆ ಎಂದು ಗಂಟೆ ಕೊಟ್ಟರೆ ಮಾತ್ರ ಮುಂದಿನ ಮೋಟರ್‌ಮನ್ ಗಾಡಿ ಬಿಡಬೇಕು. ಹಾಗಾಗಿ ಲೋಕದಲ್ಲಿ ಏನೇ ಚಲಿಸುವುದಿದ್ದರೂ ತಮ್ಮ ಗಂಟೆ ಆಗಬೇಕು ಎಂದು ಅವರಿಗೆ ಇವತ್ತಿಗೂ ನಂಬಿಕೆ. ನಾನು ಒಪ್ಪಿಕೊಂಡೆ, ಗಾಡಿ ಪೂರಾ ನಿಂತಿರಲಿಲ್ಲ. "ಮತ್ತ?" ಎಂದರು. ಆ "ಮತ್ತ" ಮೂರು ತಿಂಗಳು ಮನೆಯಲ್ಲಿ ಓಡಾಡಿಕೊಂಡಿತ್ತು. ನಾನೇ ಓಡಾಡಲಿಲ್ಲ.

ಬಿದ್ದದ್ದಕ್ಕೆ ನನಗೆ ದುಃಖವಿರಲಿಲ್ಲ. ಮುಂಬಯಿಯಲ್ಲಿ ಐವತ್ತು ವರ್ಷ ಬೀಳದೆ ಇದ್ದದ್ದೇ ಹೆಚ್ಚು. ದುಃಖ ಬೇರೆಯದಕ್ಕೆ. ಅದೇ ವರ್ಷ ಆಷಾಢಕ್ಕೆ ನಾನು ಆಳಂದಿಯಿಂದ ಪಂಢರಪುರಕ್ಕೆ ಹದಿನೆಂಟು ಇಪ್ಪತ್ತು ದಿನ ನಡೆಯುವ ವಾರಿ ಯಾತ್ರೆಗೆ ಹೆಸರು ಕೊಟ್ಟಿದ್ದೆ. ಚಿಕ್ಕವಳಿದ್ದಾಗ ವಿಜಯಪುರದ ಕಡೆ ನಮ್ಮೂರಿನ ಮೇಲೆಯೇ ಪಂಢರಪುರಕ್ಕೆ ನಡೆಯುವ ಭಜನೆಯ ಗುಂಪುಗಳು, ದಿಂಡಿಗಳು, ತಾಳ ಬಡಿದುಕೊಂಡು ಹೋಗುತ್ತಿದ್ದವು. ಅವ್ವ ಕೊಡ ಹಿಡಿದು ಅವರಿಗೆ ನೀರು ಹಾಕುತ್ತಾ ನಿಂತಿರುವಾಗ ನಾನು ಮೆಲ್ಲಗೆ ಅವರ ಹಿಂದೆ ಸೇರಿಕೊಂಡು ಊರ ಗಡಿಯವರೆಗೆ ಹೋಗಿ, ಕಿವಿ ಹಿಡಿಸಿಕೊಂಡು ವಾಪಸು ಬಂದಿದ್ದೆ. ಆಮೇಲೆ ಪ್ರತಿ ವರ್ಷ ಒಂದಿಲ್ಲೊಂದು ಕೈ ನನ್ನ ಕಿವಿ ಹಿಡಿಯಿತು. ಅತ್ತೆಯ ಕಾಯಿಲೆ, ಮಗನ ಪರೀಕ್ಷೆ, ಇವರ ಡ್ಯೂಟಿ, ಮೊಮ್ಮಗಳ ಬಾಲವಾಡಿ. ಎಲ್ಲ ಕೈಗಳೂ ಬಿಟ್ಟವು ಎನ್ನುವಾಗ ಈ ಮೊಣಕಾಲು ಹಿಡಿಯಿತು.

ಮಂಚದ ಮೇಲೆ ಕಾಲಿಗೆ ದಿಂಬು ಕೊಟ್ಟುಕೊಂಡು ಮಲಗಿದವಳಿಗೆ ವಿಠ್ಠಲನ ಬಗ್ಗೆ ಯೋಚಿಸಲು ಬೇಕಾದಷ್ಟು ಪುರುಸೊತ್ತು. ಅವನ ಕಥೆ ನಿಮಗೆ ಗೊತ್ತಲ್ಲ. ಒಬ್ಬ ಭಕ್ತ ಮನೆಯಲ್ಲಿ ತಂದೆತಾಯಿಯ ಕಾಲು ಒತ್ತುತ್ತಾ ಕೂತಿದ್ದನಂತೆ. ದೇವರು ಬಾಗಿಲಿಗೆ ಬಂದು ಕರೆದ. ಇವನು ತಿರುಗಿಯೂ ನೋಡದೆ ಒಂದು ಇಟ್ಟಿಗೆ ಎಸೆದು, ಇದರ ಮೇಲೆ ನಿಂತಿರು, ಕೆಲಸ ಮುಗಿಸಿ ಬರುತ್ತೇನೆ ಎಂದನಂತೆ. ದೇವರು ಸೊಂಟಕ್ಕೆ ಕೈ ಕೊಟ್ಟುಕೊಂಡು ಇವತ್ತಿನವರೆಗೂ ನಿಂತಿದ್ದಾನೆ. ಕೀರ್ತನೆ ಹೇಳುವವರೆಲ್ಲ ಮಗನ ಸೇವೆಯನ್ನು ಹೊಗಳುತ್ತಾರೆ, ದೇವರ ತಾಳ್ಮೆಯನ್ನು ಹೊಗಳುತ್ತಾರೆ. ಆ ಮುದುಕ ಮುದುಕಿಯ ಕಾಲಿನ ಸುದ್ದಿ ಯಾರೂ ಎತ್ತುವುದಿಲ್ಲ. ಸ್ವಲ್ಪ ಯೋಚಿಸಿ: ಅವರಿಬ್ಬರಿಗೆ ಕಾಲು ನೋವಿಲ್ಲದಿದ್ದರೆ ಮಗ ಒತ್ತುತ್ತಿರಲಿಲ್ಲ, ಇಟ್ಟಿಗೆ ಎಸೆಯುತ್ತಿರಲಿಲ್ಲ, ವಿಠ್ಠಲ ನಿಲ್ಲುತ್ತಿರಲಿಲ್ಲ, ಪಂಢರಪುರವೇ ಇರುತ್ತಿರಲಿಲ್ಲ. ಇಷ್ಟು ದೊಡ್ಡ ಯಾತ್ರೆ ಶುರುವಾದದ್ದೇ ಯಾರದೋ ಮೊಣಕಾಲು ನೋವಿನಿಂದ. ಅಂಥ ಯಾತ್ರೆಗೆ ಮೊಣಕಾಲು ನೋವಿನವಳು ಹೋಗಬಾರದು ಎಂದರೆ ಯಾವ ನ್ಯಾಯ?

ಈ ವಾದವನ್ನು ಡಾಕ್ಟರ ಮುಂದೆ ಇಡಲಿಲ್ಲ. ಅವರಿಗೆ ಬೇರೆ ಪ್ರಶ್ನೆ ಹಾಕಿದೆ. "ಡಾಕ್ಟರ್, ನಾನು ನಡೆಯಬಹುದಾ?"

"ನಡೆಯಲೇಬೇಕು ಆಜಿ. ಸಪಾಟು ರಸ್ತೆಯಲ್ಲಿ ನಡೆಯಿರಿ. ಮೆಟ್ಟಿಲು ಬೇಡ, ನೆಲದ ಮೇಲೆ ಕೂರುವುದು ಬೇಡ, ಬಗ್ಗುವುದಂತೂ ಬೇಡವೇ ಬೇಡ."

ಎಷ್ಟು ದೂರ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು.

ಪಂಢರಪುರ ಆ ವರ್ಷ ಆಗದ ಮಾತು, ಅಷ್ಟು ಬುದ್ಧಿ ನನಗೂ ಇದೆ. ಆದರೆ ನಮ್ಮ ಮುಂಬಯಿಯಲ್ಲಿಯೇ ವಡಾಲಾದಲ್ಲಿ ಹಳೆಯ ವಿಠ್ಠಲ ಮಂದಿರವಿದೆ. ಪಂಢರಪುರಕ್ಕೆ ಹೋಗಲಾಗದವರು ಆಷಾಢ ಏಕಾದಶಿಗೆ ಊರಿನ ಮೂಲೆಮೂಲೆಯಿಂದ ದಿಂಡಿ ಕಟ್ಟಿಕೊಂಡು ಅಲ್ಲಿಗೆ ನಡೆದುಬರುತ್ತಾರೆ. ನಮ್ಮ ಮಂಡಳಿಯವರು ಅಂಧೇರಿಯಿಂದ ಹೊರಡುತ್ತಾರೆ. ತಮಾಷೆ ನೋಡಿ, ನಾನು ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದು ಆಂಟಾಪ್ ಹಿಲ್ಲಿನಲ್ಲಿ. ವಡಾಲಾದ ಗುಡಿ ಅಲ್ಲಿಂದ ಕೂಗಳತೆ. ತರಕಾರಿಗೆ ಹೋದವಳು ವಿಠ್ಠಲನಿಗೊಂದು ಅರ್ಧ ನಮಸ್ಕಾರ ಹಾಕಿ, ಕೊತ್ತಂಬರಿ ಬಾಡುತ್ತದೆ ಎಂದು ಓಡಿ ಬರುತ್ತಿದ್ದೆ. ಒಂದು ದಿನವೂ ಅದನ್ನು ಯಾತ್ರೆ ಎಂದುಕೊಂಡಿರಲಿಲ್ಲ. ಅಂಧೇರಿಗೆ ಮನೆ ಬದಲಿಸಿ ದೂರ ಹೋದಮೇಲೆ ಅವನು ದೇವರಾದ. ಅಷ್ಟು ಹತ್ತಿರವಿದ್ದರೆ ದೇವರೂ ಪಕ್ಕದ ಮನೆಯವರೇ.

ವಡಾಲಾಕ್ಕೆ ನಡೆಯುತ್ತೇನೆ ಎಂದಾಗ ಮನೆಯಲ್ಲಿ ದರ್ಬಾರು ಸೇರಿತು. ಮಗ, ಸೊಸೆ ಫೋನಿನಲ್ಲಿ ಲಿಗಮೆಂಟಿನ ಚಿತ್ರ ತೋರಿಸಿದರು. ಮೃಣಾಲ, "ಆಜಿ, ತೂ ಸೀರಿಯಸ್ ಇದ್ದೀಯಾ? ಪಾಗಲ್ ಆಗಿದ್ದೀ ಕ್ಯಾ?" ಎಂದಳು. ಯಜಮಾನರಿಗೆ ಮೊಣಕಾಲಿಗಿಂತ ದೊಡ್ಡ ನೋವು ಇನ್ನೊಂದಿತ್ತು.

"ಅಂಧೇರಿಯಿಂದ ವಡಾಲಾಕ್ಕ ಸೀದಾ ಹಾರ್ಬರ್ ಗಾಡಿ ಐತಿ. ಬದಲಿ ಮಾಡೂದಿಲ್ಲ, ಏನಿಲ್ಲ, ಕುಂತ್ರ ಅರ್ಧ ತಾಸು. ಅದರ ಬಾಜೂಕ ನಡಕೊಂಡು ಹೋಗ್ತೀನಂತಿ. ರೇಲ್ವೆದವ್ರು ಏನ್ ತಿಳಕೋಬೇಕು?"

"ರೇಲ್ವೆದವ್ರು ನನ್ನ ಮೊಣಕಾಲು ಮುರದಾಗ ಏನ್ ತಿಳಕೊಂಡ್ರು?" ಎಂದೆ.

"ಗಾಡಿ ಪೂರಾ ನಿಂತಿರಲಿಲ್ಲ" ಎಂದರು.

ಮಾತಿಗೆ ಮಾತು ಬೆಳೆದು ಕೊನೆಗೊಂದು ಷರತ್ತಿಗೆ ಬಂದು ನಿಂತಿತು. ಅವರೆಂದರು, "ನಡುವ ಎಲ್ಲೇ ಆಗಲಿ, ಗಾಡಿ ರಿಕ್ಷಾ ಏನರ ಹತ್ತಿದಿ ಅಂದ್ರ, ಮುಂದ ಜನ್ಮದಾಗ ಪಂಢರಪುರದ ವಾರಿ ಮಾತು ಎತ್ತಬಾರದು. ಕಬೂಲ?"

"ಹತ್ತಲಿಲ್ಲಂದ್ರ?"

"ಹತ್ತಲಿಲ್ಲಂದ್ರ ಮುಂದಿನ ವರ್ಷ ಆಳಂದಿಯಿಂದ ನಾನೂ ನಿನ್ನ ಸಂಗಾಟ ನಡೀತೀನಿ, ಹೋಗು."

ಹತ್ತೇ ಹತ್ತುತ್ತಾಳೆ ಎಂಬ ಧೈರ್ಯ ಅವರಿಗೆ. ಮೃಣಾಲ ಫೋನು ಎತ್ತಿ ತೋರಿಸಿದಳು. "ರೆಕಾರ್ಡ್ ಆಯ್ತು ಆಜೋಬಾ. ಅಬ್ ಮಾತು ಪಲಟ್ ಮಾಡುವ ಹಾಗಿಲ್ಲ."

ಏಕಾದಶಿಯ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಮುಂದೆ ತಾಳ, ಪಖವಾಜ. ನಡುವೆ ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು. ಕೊನೆಯಲ್ಲಿ ನಾನು. ಸೀರೆಯ ಕೆಳಗೆ ಮೃಣಾಲಳ ಓಟದ ಬೂಟು, ಸೀರೆಯ ಒಳಗೆ ಮೊಣಕಾಲಿಗೆ ನೀ ಕ್ಯಾಪ್, ಕೈಯಲ್ಲಿ ಉದ್ದ ಹಿಡಿಕೆಯ ಛತ್ರಿ. ಕೋಲು ಹಿಡಿ ಎಂದು ಸೊಸೆ ಗೋಗರೆದಿದ್ದಳು. ಕೋಲು ಹಿಡಿದರೆ ಜನ ಮುದುಕಿ ಎನ್ನುತ್ತಾರೆ, ಛತ್ರಿ ಹಿಡಿದರೆ ಮುಂದಾಲೋಚನೆಯುಳ್ಳವಳು ಎನ್ನುತ್ತಾರೆ. ಈ ಜಾಣತನದ ಫಲ ಪಾರ್ಲೆ ಮುಟ್ಟುವ ಮೊದಲೇ ಸಿಕ್ಕಿತು. ಮಳೆ ಬಂತು. ಎಲ್ಲರೂ ಛತ್ರಿ ಬಿಚ್ಚಿದರು. ನಾನು ಬಿಚ್ಚಿದರೆ ಊರಿಕೊಳ್ಳಲು ಏನೂ ಇಲ್ಲ! ಊರುಗೋಲು ಬೇಕೋ ಸೂರು ಬೇಕೋ ಎಂದು ಛತ್ರಿಯೇ ನನ್ನನ್ನು ಕೇಳಿತು. ಊರಿಕೊಂಡೇ ನಡೆದೆ, ನೆನೆದೇ ನಡೆದೆ. ಎಸ್.ವಿ. ರೋಡಿನವರೆಲ್ಲ ಮಡಿಸಿದ ಛತ್ರಿ ಹಿಡಿದು ತೊಯ್ಯುತ್ತಿರುವ ಮುದುಕಿಯನ್ನು ಮಹಾ ವೈರಾಗ್ಯವಂತೆ ಎಂದು ತಿಳಿದು ಕೈಮುಗಿದರು.

ಕೈಮುಗಿದರೆ ಚಿಂತೆಯಿರಲಿಲ್ಲ. ಕಾಲಿಗೆ ಬೀಳತೊಡಗಿದರು. ಇಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಎದ್ದು ನಿಂತಿತು.

ವಾರಿಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಅಲ್ಲಿ ಎಲ್ಲರೂ ಎಲ್ಲರನ್ನೂ ಮಾವುಲಿ ಎಂದು ಕರೆಯುತ್ತಾರೆ. ಮಾವುಲಿ ಎಂದರೆ ತಾಯಿ. ಗಡ್ಡದ ಗಂಡಸೂ ಮಾವುಲಿ, ಟ್ರಾಫಿಕ್ ಪೊಲೀಸನೂ ಮಾವುಲಿ. ಒಬ್ಬರು ನಿಮ್ಮ ಕಾಲು ಮುಟ್ಟಿದರೆ ನೀವೂ ಬಗ್ಗಿ ಅವರ ಕಾಲು ಮುಟ್ಟಬೇಕು. ಅವರು ಹತ್ತು ವರ್ಷದ ಹುಡುಗಿಯಾದರೂ ಸರಿ. ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುವ ವ್ಯವಹಾರ ಅಲ್ಲಿಲ್ಲ, ಏಕೆಂದರೆ ಅಲ್ಲಿ ಯಾರೂ ಯಾರಿಗಿಂತ ದೊಡ್ಡವರಲ್ಲ.

ನಡೆಯುವುದಕ್ಕೆ ನಾನು ಡಾಕ್ಟರ ಅಪ್ಪಣೆ ಪಡೆದಿದ್ದೆ. ಬಗ್ಗುವುದಕ್ಕೆ ಇರಲಿಲ್ಲ. ಒಂದು ಸಲ ಪ್ರಯತ್ನಿಸಿದೆ. ಅರ್ಧಕ್ಕೆ ಹೋಗಿ, ಮೇಲೂ ಬರಲಾಗದೆ ಕೆಳಗೂ ಹೋಗಲಾಗದೆ, ನಿಂತುಹೋದ ಲಿಫ್ಟಿನ ಹಾಗೆ ನಡುವೆ ಸಿಕ್ಕಿಕೊಂಡೆ. ಇಬ್ಬರು ಹಿಡಿದು ನೆಟ್ಟಗೆ ಮಾಡಿದರು. ಅಲ್ಲಿಂದ ಮುಂದೆ ನಾನೊಂದು ಉಪಾಯ ಮಾಡಿದೆ. ಕಾಲಿಗೆ ಬಿದ್ದವರ ಪಾದಕ್ಕೆ ಛತ್ರಿಯ ತುದಿ ತಾಗಿಸಿ, ಆ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸಾಂತಾಕ್ರೂಜಿನ ಸಿಗ್ನಲಿನಲ್ಲಿ ಒಬ್ಬ ಪೊಲೀಸನ ಬೂಟಿಗೂ ತಾಗಿಸಿದೆ. ಅವನು ಹೌಹಾರಿ ಹಿಂದಕ್ಕೆ ಜಿಗಿದು, ಆಮೇಲೆ ನಕ್ಕು, ನಮ್ಮ ದಿಂಡಿಗಾಗಿ ಬೆಸ್ಟ್ ಸಿಟಿ ಬಸ್ಸನ್ನೇ ತಡೆದು ನಿಲ್ಲಿಸಿದ.

ಇಂದೂ ವಹಿನಿಗೆ ಇದು ಸರಿಬರಲಿಲ್ಲ. ವಹಿನಿ ಬೆಳಗಾವಿಯವರು, ನಮ್ಮ ಮಂಡಳಿಯ ಮುಖ್ಯಸ್ಥೆ. ತಲೆಯ ಮೇಲಿನ ತುಳಸಿ ಎಲೆ ಅಲುಗದ ಹಾಗೆ ಬೈಯುವ ಕಲೆ ಅವರಿಗೆ ಸಿದ್ಧಿಸಿದೆ.

"ಗಂಗಕ್ಕಾ, ಛತ್ರಿ ನಮಸ್ಕಾರ ನಡ್ಯೂದಿಲ್ಲ."

"ಮತ್ತ ಏನ್ ಮಾಡ್ಲಿ ವಹಿನಿ? ಮೊಣಕಾಲು ಬಗ್ಗವಲ್ದು."

"ಬಗ್ಗದಿದ್ರ ಗಾಡಿ ಹತ್ತಿ ಬಾ. ಎಲ್ಲಾರ ಕಡೆ ನಮಸ್ಕಾರ ತಗೊಂಡು ನೆಟ್ಟಗ ನಿಂತರ ನೀ ದೇವರಾಗ್ತಿ. ದೇವರು ವಡಾಲಾದಾಗ ಆಲ್ರೆಡಿ ಒಬ್ಬಾಂವ ನಿಂತಾನ. ಇನ್ನೊಬ್ಬಾಕಿ ನಮಗ ಬ್ಯಾಡ."

ಈ ಮಾತು ನಾಟಿತು. ನೋವನ್ನು ಲೆಕ್ಕಿಸದೆ ನಡೆಯುವವಳಿಗೆ ಜಂಬ ಬರುವುದು ಸಹಜ, ನನಗೂ ಬಂದಿತ್ತು. ಆದರೆ ಎಲ್ಲರೂ ಬಗ್ಗುವ ಜಾಗದಲ್ಲಿ ನಾನೊಬ್ಬಳೇ ಬಗ್ಗದೆ ಹೋಗುವುದು ಯಾವ ಯಾತ್ರೆ? ಹೀಗೆ ವಿಚಾರ ಮಾಡುತ್ತಾ ಖಾರ್ ತಲುಪಿದರೆ ಸ್ಟೇಷನ್ನಿನ ಕಡೆಯ ತಿರುವಿನಲ್ಲಿ ಯಜಮಾನರು ನಿಂತಿದ್ದಾರೆ! ಒಂದು ಕೈಯಲ್ಲಿ ಚಹದ ಫ್ಲಾಸ್ಕು, ಇನ್ನೊಂದರಲ್ಲಿ ನನಗೆಂದು ತೆಗೆದ ಟಿಕೀಟು. ಹಾರ್ಬರ್ ಗಾಡಿಯಲ್ಲಿ ಬಂದು ನಾನು ಸೋಲುವುದಕ್ಕೆ ಕಾಯುತ್ತಿದ್ದರು.

"ಮುಂದಿನ ಗಾಡಿ ಒಂಬತ್ತು ಮಿನಿಟಿಗೆ ಐತಿ. ಖಾಲಿ ಇರ್ತದ" ಎಂದರು, ಮಿಠಾಯಿ ತೋರಿಸುವವರ ಧಾಟಿಯಲ್ಲಿ.

ನಾನು ಚಹ ಕುಡಿದು ಫ್ಲಾಸ್ಕು ವಾಪಸು ಕೊಟ್ಟೆ. ಅಷ್ಟರಲ್ಲಿ ದಿಂಡಿಯ ಒಬ್ಬ ಹುಡುಗಿ ಬಂದು "ಮಾವುಲಿ" ಎಂದು ಅವರ ಕಾಲು ಮುಟ್ಟಿದಳು. ನಮ್ಮ ಕಡೆಯ ಹಿರಿಯರು ಏನು ಮಾಡುತ್ತಾರೋ ಇವರೂ ಅದನ್ನೇ ಮಾಡಿದರು. ಬೆನ್ನು ನೆಟ್ಟಗೆ ಮಾಡಿ, ಅವಳ ತಲೆಯ ಮೇಲೆ ಕೈಯಿಟ್ಟು, ಗಂಭೀರವಾಗಿ, "ಛಲೋ ಗಂಡ ಸಿಗಲಿ" ಎಂದರು. ಹುಡುಗಿಗೆ ಕನ್ನಡ ಬಾರದು, ಗಂಡನೂ ಬೇಡವಾಗಿದ್ದಿರಬೇಕು. ಅವಳು ಅಲ್ಲಿಯೇ ನಿಂತು ಕಾದಳು. ಅವಳ ಹಿಂದೆ ಇಡೀ ದಿಂಡಿ ನಿಂತಿತು. ತಾಳ ನಿಂತಿತು. ಗಂಟೆ ಕೊಟ್ಟರೂ ಗಾಡಿ ಹೊರಡದಿದ್ದರೆ ಗಾರ್ಡಿನ ಮುಖ ಹೇಗಾಗುತ್ತದೋ ಹಾಗಾಯಿತು ಅವರದ್ದು.

"ಯಾಕ ನಿಂತಾರ ಇವ್ರು?" ಎಂದು ನನ್ನನ್ನು ಕೇಳಿದರು.

ಉತ್ತರ ಇಂದೂ ವಹಿನಿ ಕೊಟ್ಟರು. "ಭಾವೂಜೀ, ಅಕಿ ಬಗ್ಗ್ಯಾಳ. ಈಗ ನೀವು ಬಗ್ಗ್ರಿ. ನಿಮ್ಮ ಮೊಣಕಾಲಿಗೇನ್ ಧಾಡಿ?"

ಮೂವತ್ತಾರು ವರ್ಷ ಯಾವ ಸಾಹೇಬನ ಮುಂದೂ ಬಗ್ಗದ ಮನುಷ್ಯ ಆ ಹುಡುಗಿಯ ಪಾದ ಮುಟ್ಟಿದರು. ಮುಟ್ಟಿ, ಯಾರಾದರೂ ಗುರುತಿನವರು ನೋಡಿದರೇ ಎಂದು ಆ ಕಡೆ ಈ ಕಡೆ ನೋಡಿ, ಸರಸರ ಸ್ಟೇಷನ್ನಿಗೆ ಹೋದರು. ತಾಳ ಮತ್ತೆ ಶುರುವಾಯಿತು.

ಬಾಂದ್ರಾ ದಾಟುವಾಗ ಮೊಣಕಾಲು ಊದಿಕೊಂಡಿತು. ನೀ ಕ್ಯಾಪಿನ ಮೇಲೂ ಕೆಳಗೂ ಮಾಂಸ ಉಬ್ಬಿ ಕಾಲು ಕಟ್ಟಿದ ಗಂಟಿನ ಹಾಗೆ ಕಾಣುತ್ತಿತ್ತು. ಮಾಹಿಮ್‌ ಕಡೆಯ ಕಾಸ್‌ವೇ ಮೇಲೆ ಸಮುದ್ರದ ಗಾಳಿ, ಮಳೆ ಎರಡೂ ಮುಖಕ್ಕೆ ಹೊಡೆಯುತ್ತಿದ್ದವು. ಪ್ರತಿ ಹೆಜ್ಜೆಗೂ ಒಳಗೆ ಯಾರೋ ಬಾಗಿಲಿನ ಅಗುಳಿ ಎಳೆದ ಹಾಗೆ. ನಿಮ್ಮ ಮುಂದೆ ಸುಳ್ಳೇಕೆ? ಅಲ್ಲಿ ನಾನು ಮನಸ್ಸಿನಲ್ಲಿಯೇ ಸೋತೆ. ಪಂಢರಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದರೂ ವಿಠ್ಠಲ ಗುರುತು ಹಿಡಿದಾನು ಎಂದುಕೊಂಡೆ. ಯಾರಿಗೂ ಹೇಳದೆ ದಿಂಡಿಯಿಂದ ಹಿಂದೆ ಉಳಿದು ಮಾಹಿಮ್ ಸ್ಟೇಷನ್ನಿಗೆ ತಿರುಗಿದೆ. ಯಜಮಾನರು ಖಾರಿನಿಂದ ಗಾಡಿಯಲ್ಲಿ ಬಂದು ಅಲ್ಲಿದ್ದರು. ನನ್ನನ್ನು ನೋಡಿ ಟಿಕೀಟು ಮುಂದೆ ಮಾಡಿದರು. ನಾನು ತೆಗೆದುಕೊಂಡೆ.

ತೆಗೆದುಕೊಂಡು ತಲೆಯೆತ್ತಿದರೆ ಎದುರಿಗೆ ಸೇತುವೆಯ ಮೆಟ್ಟಿಲು. ಆ ಕಡೆಯ ಪ್ಲಾಟ್‌ಫಾರ್ಮಿಗೆ ಹೋಗಬೇಕಾದರೆ ಅಷ್ಟೂ ಹತ್ತಬೇಕು, ಹತ್ತಿದ್ದಷ್ಟನ್ನೂ ಇಳಿಯಬೇಕು. ಮೊದಲ ಮೆಟ್ಟಿಲಿಗೆ ಬಲಗಾಲಿಟ್ಟೆ, ಮೊಣಕಾಲು ಒಲ್ಲೆ ಎಂದಿತು. ಎಡಗಾಲಿಟ್ಟು ಬಲಗಾಲು ಎಳೆದುಕೊಳ್ಳಲು ನೋಡಿದೆ, ಅದಕ್ಕೂ ಒಲ್ಲೆ. ಸಪಾಟು ರಸ್ತೆಯಲ್ಲಿ ಹೋಗುತ್ತೇನೆ, ಇದಕ್ಕೆ ನಾನು ಬರುವುದಿಲ್ಲ ಎಂದು ಪಟ್ಟು ಹಿಡಿದು ನಿಂತಿತು. ಜನ ನನ್ನನ್ನು ಬಳಸಿಕೊಂಡು ಹತ್ತಿ ಹೋಗುತ್ತಿದ್ದರು. ನಾನು ಸೋಲಲು ತಯಾರಾಗಿ ಬಂದಿದ್ದೆ, ಮೆಟ್ಟಿಲು ನನ್ನನ್ನು ಸೋಲಲು ಬಿಡಲಿಲ್ಲ! ಮುಂಬಯಿಯಲ್ಲಿ ಶರಣಾಗುವುದಕ್ಕೂ ಮೊಣಕಾಲು ಗಟ್ಟಿಯಿರಬೇಕು.

ನಗು ಬಂತು. ಮೆಟ್ಟಿಲ ಬುಡದಲ್ಲಿ ಕಂಬ ಹಿಡಿದು ಒಬ್ಬಳೇ ನಕ್ಕೆ. ನಕ್ಕಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಹಟ ಬಂತು. ಟಿಕೀಟನ್ನು ಅವರ ಜೇಬಿಗೆ ತುರುಕಿದೆ.

"ನಾ ನಡೀತೀನಿ" ಎಂದೆ. "ನೀವು ಹೋಗ್ರಿ, ಗಾಡಿ ಬರ್ತದ."

ಮಾಹಿಮ್ ಆದಮೇಲೆ ಹಾರ್ಬರ್ ಲೈನು ಎಡಕ್ಕೆ ಹೊರಳಿ ವಡಾಲಾಕ್ಕೆ ಹೋಗುತ್ತದೆ. ನಮ್ಮ ದಿಂಡಿಯ ದಾರಿ ನೇರವಾಗಿ ದಾದರಿಗೆ. ಅಂದರೆ ಇನ್ನು ಮುಂದೆ ನಡುನಡುವೆ ಇಳಿದು ನನ್ನನ್ನು ಕಾಯಲು ಅವರಿಗೆ ಸ್ಟೇಷನ್ನಿಲ್ಲ. ಗಾಡಿ ಹತ್ತಿದರೆ ಸೀದಾ ವಡಾಲಾ, ನಾನು ಎಲ್ಲಿ ಬಿದ್ದೆನೋ ಎದ್ದೆನೋ ತಿಳಿಯುವುದಿಲ್ಲ. ಅವರು ಮೇಲಿನ ಇಂಡಿಕೇಟರು ನೋಡಿದರು, ಕೈಗಡಿಯಾರ ನೋಡಿದರು, ನನ್ನ ಬೂಟು ನೋಡಿದರು. ಗಾಡಿ ಬಂತು, ಹೋಯಿತು. ಸಂಸಾರದಲ್ಲಿ ಮೊದಲನೆಯ ಸಲ ಅವರು ಗಾಡಿ ತಪ್ಪಿಸಿಕೊಂಡದ್ದನ್ನು ಕಂಡೆ.

"ನಡಿ" ಎಂದರು.

ಇಬ್ಬರೂ ದಿಂಡಿಯ ಬೆನ್ನು ಹತ್ತಿ, ಅದು ಚಹಕ್ಕೆ ನಿಂತಾಗ ಕೂಡಿಕೊಂಡೆವು. ದಾದರಿನ ಸೇತುವೆಯ ಏರು ಹತ್ತುವಾಗ ಅವರ ತೋಳು ಹಿಡಿದೆ. ಹತ್ತುವುದಕ್ಕಿಂತ ಇಳಿಜಾರು ಕೆಟ್ಟದ್ದು, ಮೈಯ ಭಾರವೆಲ್ಲ ಮೊಣಕಾಲಿನ ಮೇಲೆ. ಅಲ್ಲಿ ಒಬ್ಬ ಹಣ್ಣಿನವಳು ಓಡಿ ಬಂದು ಎರಡು ಬಾಳೆಹಣ್ಣು ಕೊಟ್ಟು ನನ್ನ ಕಾಲು ಮುಟ್ಟಿದಳು. ನಾನು ಪೆಚ್ಚಾಗಿ ಛತ್ರಿಯ ಕಡೆ ನೋಡಿದೆ. ಇಂದೂ ವಹಿನಿ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಪಕ್ಕದಿಂದ ಯಜಮಾನರು ಬಗ್ಗಿದರು. ಹಣ್ಣಿನವಳ ಪಾದ ಮುಟ್ಟಿ ಎದ್ದು, ಮತ್ತೊಮ್ಮೆ ಬಗ್ಗಿ ಮುಟ್ಟಿದರು.

"ಎರಡು ಸಲ ಯಾಕ?" ಎಂದು ವಹಿನಿ ಕೇಳಿದರು.

"ಒಂದು ನಂದು. ಒಂದು ಇಕೀದು. ನಡೀತದಿಲ್ಲೋ?"

ವಹಿನಿ ಸ್ವಲ್ಪ ಹೊತ್ತು ಯೋಚಿಸಿದರು. ತುಳಸಿಯೂ ಅವರ ತಲೆಯ ಮೇಲೆ ಯೋಚಿಸಿತು. "ನಡೀತದ" ಎಂದರು.

ಅಲ್ಲಿಂದ ವಡಾಲಾದವರೆಗೆ ಆ ಮನುಷ್ಯ ಎಷ್ಟು ಬಗ್ಗಿದರು ಎಂದರೆ ನನಗೇ ಅಯ್ಯೋ ಎನಿಸಿತು. ಯಾರು ನನ್ನ ಕಾಲು ಮುಟ್ಟಿದರೂ ಇವರು ಎರಡು ಸಲ. ಸೈಕಲ್ ಮೇಲೆ ಪಾವ್ ಬ್ರೆಡ್ಡು ಮಾರುವವನಿಗೆ ಎರಡು ಸಲ. ಶಾಲೆಯ ಚೀಲ ಹೊತ್ತ ಮಕ್ಕಳ ಒಂದು ಸಾಲಿಗೆ ಎರಡೆರಡು ಸಲ. ಮೊದಮೊದಲು ಡ್ಯೂಟಿ ಮಾಡುವವರ ಹಾಗೆ ಮುಖ ಬಿಗಿದುಕೊಂಡು ಬಗ್ಗುತ್ತಿದ್ದರು. ಫೈವ್ ಗಾರ್ಡನ್ಸ್ ಬರುವಷ್ಟರಲ್ಲಿ ಅವರೇ ಮುಂದಾಗಿ "ಮಾವುಲಿ" ಎನ್ನುತ್ತಿದ್ದರು. ನಾನು ಮಾತ್ರ ಛತ್ರಿ ಊರಿಕೊಂಡು, ಒಂದೊಂದು ಲೈಟಿನ ಕಂಬವನ್ನು ಗುರಿ ಮಾಡಿಕೊಂಡು ನಡೆದೆ. ಕಂಬ ಮುಟ್ಟಿದರೆ ಮುಂದಿನದು. ಮೊಣಕಾಲಿಗೂ ನನಗೂ ಮಾತು ನಿಂತುಹೋಗಿತ್ತು. ಇಬ್ಬರೂ ಸಿಟ್ಟಿನಲ್ಲಿ ಒಂದೇ ದಾರಿ ಹಿಡಿದಿದ್ದೆವು.

ಮಧ್ಯಾಹ್ನದ ಹೊತ್ತಿಗೆ ವಡಾಲಾ ಮುಟ್ಟಿದೆವು. ಜನ ಎಂದರೆ ಜನ! ದರ್ಶನದ ಸಾಲು ಹಾವಿನ ಹಾಗೆ ಎರಡು ರಸ್ತೆ ಸುತ್ತಿಕೊಂಡಿತ್ತು. ನಾನು ದೂರದಿಂದಲೇ ಕಳಸಕ್ಕೆ ಕೈಮುಗಿದೆ. ಆಂಟಾಪ್ ಹಿಲ್ಲಿನ ದಿನಗಳಲ್ಲಿ ಹಾಕುತ್ತಿದ್ದ ಅರ್ಧ ನಮಸ್ಕಾರವೇ. ಅವತ್ತು ಕೊತ್ತಂಬರಿ ಬಾಡುತ್ತದೆಂದು ಅರ್ಧ, ಇವತ್ತು ಬಗ್ಗಲಾಗದೆಂದು ಅರ್ಧ. ಆದರೆ ಅಂಧೇರಿಯಿಂದ ಅಲ್ಲಿಯವರೆಗೆ ನನ್ನ ಕಾಲು ನೆಲ ಬಿಟ್ಟಿರಲಿಲ್ಲ. ಮೃಣಾಲಳಿಗೆ ಫೋನು ಮಾಡಿ ಹೇಳಿದೆ. ಅವಳು ಕಿರುಚಿದ್ದು ಗುಡಿಯ ಗಂಟೆಯ ಸದ್ದನ್ನೂ ಮೀರಿ ಕೇಳಿಸಿತು. "ಆಜೋಬಾಗೆ ಹೇಳು ಆಜಿ, ಆಳಂದಿ ಪಕ್ಕಾ! ಮೇರೆ ಪಾಸ್ ಪ್ರೂಫ್ ಹೈ!"

ದಿಂಡಿ ಮುಟ್ಟಿದ ಮೇಲೆ ಕೊನೆಯದೊಂದು ಪದ್ಧತಿ. ಜೊತೆಗೆ ನಡೆದವರೆಲ್ಲ ಒಬ್ಬರಿಗೊಬ್ಬರು ನಮಸ್ಕಾರ ಮಾಡಿ ಬೀಳ್ಕೊಡಬೇಕು. ಇಂದೂ ವಹಿನಿ ತುಳಸಿ ಇಳಿಸಿ ನನ್ನ ಕಾಲು ಮುಟ್ಟಿದರು. ಯಜಮಾನರು ಎರಡು ಸಲ ಬಗ್ಗಿದರು. ಪಖವಾಜಿನವರು, ತಾಳದವರು, ಎಲ್ಲರದೂ ಮುಗಿಯಿತು. ಉಳಿದವರು ನಾವಿಬ್ಬರು. ನಾನು ಮುಖ ಆ ಕಡೆ ಮಾಡಿ ಸೆರಗು ಹಿಂಡುವ ನೆಪ ಹೂಡಿದೆ. ಐವತ್ತು ವರ್ಷದ ಸಂಸಾರದಲ್ಲಿ ಹಬ್ಬಹಬ್ಬಕ್ಕೂ ನಾನೇ ಅವರ ಕಾಲಿಗೆ ಬಿದ್ದವಳು, ಬಿದ್ದಾಗ ಪೇಪರಿನಿಂದ ತಲೆಯೆತ್ತದೆ "ಹ್ಞೂಂ" ಎಂದವರು ಅವರು.

ತಿರುಗಿ ನೋಡಿದರೆ ಅವರು ನನ್ನ ಮುಂದೆ ಬಗ್ಗಿದ್ದಾರೆ! ತೊಯ್ದ ಬೂಟಿನ ಮೇಲೆ ಅವರ ಕೈ. ಸುತ್ತಲಿನ ಹೆಂಗಸರೆಲ್ಲ ನೋಡುತ್ತಿದ್ದಾರೆ. ಹಿಂದೆ ಸರಿಯೋಣವೆಂದರೆ ಮೊಣಕಾಲು ಬಿಡವಲ್ಲದು.

"ರೀ, ಏನ್ ಮಾಡಾಕತ್ತೀರಿ? ಏಳ್ರಿ, ಏಳ್ರಿ! ಹೇಣ್ತಿ ಕಾಲು ಮುಟ್ಟತಾರೇನು? ನನಗ ಪಾಪ ಬರ್ತದ!" ಎಂದು ಕೂಗಿದೆ.

ಅವರು ಬಗ್ಗಿದಲ್ಲಿಂದಲೇ ತಲೆಯೆತ್ತಿ, ಬಾಗಿಲಲ್ಲಿ ನೇತಾಡುವ ಪ್ಯಾಸೆಂಜರನನ್ನು ಗದರಿಸುವ ಹಳೆಯ ದನಿಯಲ್ಲಿ ಅಂದರು:

"ಸುಮ್ಮ ನಿಂದರ ಅಲ್ಲೇ, ನಿನಗ ಯಾರು ಮಾಡಾಕತ್ತಾರ? ಆ ಮೊಣಕಾಲಿಗೆ ಮಾಡಾಕತ್ತೀನಿ. ನಿನ್ನಂಥಾಕಿ ಸಂಗಾಟ ಅಂಧೇರಿಯಿಂದ ಇಲ್ಲೀತನಕಾ ಬಂದೈತಿ, ಪಾಪ!"